ನಾನು ಕಳಿಸಿದ ಬೆಂಡೆಕಾಯಿ ನೀರು

ಬೆಂಡೆಕಾಯಿ ಎಂದು ಕಂಡ ಕೂಡಲೇ ಗೊಜ್ಜೋ ಹುಳಿಯೋ ಮಾಡುವ ಕ್ರಮ ಹೇಳುತ್ತಾಳೆ ಎಂದುಕೊಂಡಿರಾ? ಇಲ್ಲ ಸೋದರಿಯರೇ, ಇದು ನಾನು ಮಾಡಿದ ಒಂದು ತಪ್ಪಿನ ಕಥೆ. ಬರೆಯಲೋ ಬೇಡವೋ ಎಂದು ಬಹಳ ದಿನ ಹಿಂದೆಮುಂದೆ ನೋಡಿದೆ. ನನ್ನ ಕೈಯಲ್ಲಿರುವಂಥದೇ ಫೋನು ನಿಮ್ಮ ಕೈಯಲ್ಲೂ ಇದೆಯಲ್ಲ, ಅದಕ್ಕೇ ಕೊನೆಗೆ ಬರೆಯುತ್ತಾ ಕೂತಿದ್ದೇನೆ.

2023ರ ಆಷಾಢ ಮಾಸ. ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದು, ಅಡುಗೆಮನೆ ಒರೆಸಿ, ಗೋಡೆಗೆ ಒರಗಿ ಫೋನು ಹಿಡಿದೆ. ನಮ್ಮ ಭಜನಾ ಮಂಡಳಿಯ ಗ್ರೂಪಿನಲ್ಲಿ ಒಂದು ಮೆಸೇಜು ಬಂದಿತ್ತು. ರಾತ್ರಿ ಎರಡು ಎಳೆ ಬೆಂಡೆಕಾಯಿಯ ತೊಟ್ಟು ತೆಗೆದು, ಸೀಳಿ, ಒಂದು ಲೋಟ ನೀರಿನಲ್ಲಿ ನೆನೆಹಾಕಿ ಬೆಳಗ್ಗೆ ಬರಿಹೊಟ್ಟೆಯಲ್ಲಿ ಆ ನೀರು ಕುಡಿದರೆ 15 ದಿನಕ್ಕೆ ಸಕ್ಕರೆ ಕಾಯಿಲೆ ಮಾಯ! ಮೇಲೆ ಯಾರೋ ದೊಡ್ಡ ವೈದ್ಯರ ಹೆಸರು, ಅದರ ಮುಂದೆ ಮೊಳದುದ್ದ ಪದವಿಗಳು. ಕೆಳಗೆ, "ಡಾಕ್ಟರುಗಳು ಇದನ್ನು ನಿಮಗೆ ಹೇಳುವುದಿಲ್ಲ, ಹೇಳಿದರೆ ಅವರ ವ್ಯಾಪಾರ ನಿಂತುಹೋಗುತ್ತದೆ. ಹತ್ತು ಜನಕ್ಕೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ" ಎಂಬ ಒಕ್ಕಣೆ.

ಪುಣ್ಯ ಇಷ್ಟು ಸುಲಭಕ್ಕೆ ಸಿಗುವಾಗ ಯಾರು ಬಿಡುತ್ತಾರೆ ಹೇಳಿ? ನನಗೆ ತಕ್ಷಣ ನೆನಪಾದದ್ದು ನಮ್ಮ ದೊಡ್ಡ ಓರಗಿತ್ತಿ. ಕಡೂರಿನಲ್ಲಿದ್ದಾರೆ, ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹೋಳಿಗೆ ಮಾಡಿದರೆ ತಾವು ಮಾತ್ರ ತಿನ್ನದೆ ಬಡಿಸುವ ಜೀವ. ಪಾಪ, ಅವರಿಗೆ ಗುಣವಾದರೆ ಎಷ್ಟು ಚೆನ್ನ ಎಂದು ಮೆಸೇಜನ್ನು ಅವರಿಗೆ ಕಳಿಸಿ, ಕೆಳಗೆ "ಅಕ್ಕ, ಇದನ್ನು ತಪ್ಪದೆ ಮಾಡಿ ನೋಡಿ" ಎಂದು ಕೈಯಾರೆ ಬರೆದೆ.

ಶ್ರಾವಣದಲ್ಲಿ ಫೋನು ಮಾಡಿದಾಗ ಅಕ್ಕ ಸಂತೋಷವಾಗಿಯೇ ಇದ್ದರು. "ಕೆಲಸ ಮಾಡ್ತಾ ಇದೆ ಕಣೇ ನಿನ್ನ ಬೆಂಡೆಕಾಯಿ. ಮೈ ಇಳಿದುಹೋಗಿದೆ, ರವಿಕೆಗಳೆಲ್ಲ ಸಡಿಲ. ಬಾಯಾರಿಕೆ ಒಂದು ಜಾಸ್ತಿ, ಬಿಸಿಲು ನೋಡು" ಅಂದರು. ಶ್ರಾವಣದಲ್ಲಿ ಯಾವ ಬಿಸಿಲು ಎಂದು ನನಗೆ ಆಗ ಹೊಳೆಯಲೇ ಇಲ್ಲ. ನಾನು ಹಿಗ್ಗಿದ್ದೆ. ಭಜನೆಯವರ ಹತ್ತಿರ ಹೇಳಿಕೊಂಡೂ ಬಂದೆ.

ಅವರು ಮಾತ್ರೆ ಬಿಟ್ಟಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಆ ಮೆಸೇಜಿನಲ್ಲಿ ಮಾತ್ರೆ ಬಿಡಿ ಎಂದು ಬರೆದಿತ್ತೇ? ಬರೆದಿರಲಿಲ್ಲ. ಕಾಯಿಲೆ ಮಾಯ ಎಂದಿತ್ತು. ಕಾಯಿಲೆಯೇ ಮಾಯವಾದ ಮೇಲೆ ಮಾತ್ರೆ ಯಾಕೆ ಎಂದು ಅಕ್ಕ ಲೆಕ್ಕ ಹಾಕಿದರು. ನಾನಾಗಿದ್ದರೂ ಹಾಗೇ ಹಾಕುತ್ತಿದ್ದೆ.

ನವರಾತ್ರಿಗೆ ಹೊಸ ಚಪ್ಪಲಿ ತಂದಿದ್ದರು. ಅದು ಬಲಗಾಲಿನ ಕಿರುಬೆರಳ ಪಕ್ಕ ಕಚ್ಚಿತು. ಅವರಿಗೆ ಗೊತ್ತೇ ಆಗಲಿಲ್ಲ, ಏಕೆಂದರೆ ನೋವಿರಲಿಲ್ಲ. ಕಾಲ್ಚೀಲದಂತೆ ಜೋಮು ಹಿಡಿದ ಪಾದ. ಗಾಯ ಕಣ್ಣಿಗೆ ಬಿದ್ದ ಮೇಲೆ ಅರಿಸಿನ ಹಚ್ಚಿದರು, ಬೇವಿನ ಸೊಪ್ಪು ಅರೆದು ಕಟ್ಟಿದರು. ದೀಪಾವಳಿ ಹತ್ತಿರ ಬಂದಾಗ ಬೆರಳು ಕಪ್ಪಾಗಿ ವಾಸನೆ ಬಂತು. ಮಗ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ. ಊಟಕ್ಕೆ ಮುಂಚಿನ ಸಕ್ಕರೆ 380 ಇತ್ತಂತೆ. ಬೆರಳು ಉಳಿಯಲಿಲ್ಲ. ಪಾದ ಉಳಿದದ್ದೇ ದೇವರ ದಯೆ, ಮತ್ತೆ ಆ ಡಾಕ್ಟರ ದಯೆ.

ನಾನು ತಿಪಟೂರಿನಿಂದ ಬಸ್ಸು ಹಿಡಿದು ಓಡಿದೆ. ಮಂಚದ ಪಕ್ಕ ನಿಂತಿದ್ದಾಗ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಮಾತ್ರೆ ಯಾಕಮ್ಮ ನಿಲ್ಲಿಸಿದಿರಿ, ಯಾರು ಹೇಳಿದರು?" ಎಂದು ಕೇಳಿದರು. ಅಕ್ಕ ನನ್ನ ಕಡೆ ನೋಡಿ, "ಇವಳು ಒಂದು ಔಷಧಿ ಕಳಿಸಿದ್ಳು ಡಾಕ್ಟ್ರೇ. ಒಳ್ಳೇದಕ್ಕೇ ಕಳಿಸಿದ್ಳು, ಇವಳದೇನೂ ತಪ್ಪಿಲ್ಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಪರ ವಹಿಸಿ ಮಾತಾಡಿದ್ದು ಇವತ್ತಿಗೂ ಎದೆಯಲ್ಲಿ ಮುಳ್ಳಿನ ಹಾಗೆ ಇದೆ.

ಆಮೇಲೆ ನಾನೇ ಡಾಕ್ಟರಮ್ಮನ ಹಿಂದೆ ಹೋಗಿ, "ಹಾಗಾದರೆ ಮೈ ಇಳಿದದ್ದು?" ಎಂದು ಕೇಳಿದೆ. ಅವರು ನಿಂತು, ಬಿಡಿಸಿ ಹೇಳಿದರು. ರಕ್ತದಲ್ಲಿ ಸಕ್ಕರೆ ತುಂಬಿದೆ, ಆದರೆ ದೇಹಕ್ಕೆ ಅದನ್ನು ಬಳಸಿಕೊಳ್ಳಲು ಆಗುತ್ತಿಲ್ಲ. ಉಗ್ರಾಣ ತುಂಬಿದ್ದರೂ ಬೀಗದ ಕೈ ಇಲ್ಲದ ಮನೆಯಂತೆ. ಆಗ ದೇಹ ತನ್ನ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಳ್ಳುತ್ತದೆ. ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೋಗುವಾಗ ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ, ಅದಕ್ಕೇ ಬಾಯಾರಿಕೆ. ನಾವಿಬ್ಬರೂ ಗುಣದ ಲಕ್ಷಣ ಎಂದು ಹಿಗ್ಗಿದ್ದೆಲ್ಲ ಕಾಯಿಲೆ ಏರುತ್ತಿದ್ದ ಲಕ್ಷಣ!

ಇನ್ನೊಂದು ವಿಷಯವನ್ನೂ ಹೇಳಿದರು. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಇದೆಯಲ್ಲ, ನಿಮ್ಮ ಮನೆಯ ಹಿರಿಯರ ಚೀಟಿಯಲ್ಲಿ ನೋಡಿರುತ್ತೀರಿ. ನಮ್ಮ ರಕ್ತದ ಕೆಂಪು ಕಣಕ್ಕೆ ಸುಮಾರು 120 ದಿನ ಆಯಸ್ಸು. ಅಷ್ಟು ದಿನ ಅದಕ್ಕೆ ಅಂಟಿದ ಸಕ್ಕರೆಯನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಅಕ್ಕನದು 12 ದಾಟಿತ್ತು. ಒಂದು ದಿನ ಬೆರಳು ಚುಚ್ಚಿ ನೋಡಿ ಸಕ್ಕರೆ ಇಳಿಯಿತು ಎನ್ನುವುದೂ, ಕಾಯಿಲೆ ಹೋಯಿತು ಎನ್ನುವುದೂ ಬೇರೆ ಬೇರೆ ಎಂದು ನನಗೆ ಅರ್ಥವಾದದ್ದು ಆಗಲೇ.

ಹಾಗಂತ ಬೆಂಡೆಕಾಯಿಯನ್ನು ನಾನು ಬೈಯುವುದಿಲ್ಲ. "ಧಾರಾಳವಾಗಿ ತಿನ್ನಿ, ನಾರಿನ ಅಂಶ ಒಳ್ಳೆಯದು. ಎಣ್ಣೆ ಕಡಿಮೆ ಹಾಕಿ ಪಲ್ಯ ಮಾಡಿ. ಮಾತ್ರೆಯ ಜಾಗದಲ್ಲಿ ಅದನ್ನು ಕೂರಿಸಬೇಡಿ" ಎಂದು ಡಾಕ್ಟರಮ್ಮನೇ ಹೇಳಿದರು.

ಊರಿಗೆ ಬಂದ ಮೇಲೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು "ಡಾಕ್ಟರುಗಳು ಹೇಳುವುದಿಲ್ಲ, ಅವರ ವ್ಯಾಪಾರ ನಿಂತುಹೋಗುತ್ತದೆ" ಎಂಬ ಮಾತು. ನಿಜ ಹೇಳುತ್ತೇನೆ, ನಾನು ನಂಬಿದ್ದು ಅದನ್ನೇ. ಆಸ್ಪತ್ರೆಯ ಬಿಲ್ಲು ನೋಡಿದವರು ಯಾರು ತಾನೇ ನಂಬುವುದಿಲ್ಲ? ಬಿ.ಎಸ್‌ಸಿ. ಓದುವ ನನ್ನ ಮಗಳ ಹತ್ತಿರ ವಾದಕ್ಕೆ ಇಳಿದೆ. ಅವಳು, "ಅಮ್ಮ, ನಾನು ಸಣ್ಣವಳಿದ್ದಾಗ ಭೇದಿ ಆದರೆ ಏನು ಕುಡಿಸುತ್ತಿದ್ದೆ?" ಎಂದಳು. ಉಪ್ಪು ಸಕ್ಕರೆ ನೀರು. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಅಂಚಿಗೆ ಸಮನಾಗಿ. ಅಂಗನವಾಡಿ ಟೀಚರು ಕಲಿಸಿದ್ದು.

ಅದರ ಕಥೆ ಗೊತ್ತೇ ನಿಮಗೆ? 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಲಕ್ಷಗಟ್ಟಲೆ ಪಶ್ಚಿಮ ಬಂಗಾಳಕ್ಕೆ ಬಂದಾಗ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ನರಕ್ಕೆ ಹಾಕುವ ಸಲೈನು ಮುಗಿದುಹೋಯಿತು. ಆಗ ದಿಲೀಪ್ ಮಹಾಲನಬಿಸ್ ಎಂಬ ಮಕ್ಕಳ ಡಾಕ್ಟರು ಉಪ್ಪು, ಗ್ಲೂಕೋಸು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಬಾಯಿಂದಲೇ ಕುಡಿಸಲು ಹೇಳಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಕಾಸಿಗೆ ಸಿಗುವ ಔಷಧ. ಡಾಕ್ಟರುಗಳು ಬಚ್ಚಿಟ್ಟರೇ? ಜಗತ್ತಿಗೆಲ್ಲ ಸಾರಿದರು. ಅವರು 2022ರಲ್ಲಿ ತೀರಿಕೊಂಡ ಮೇಲೆ, 2023ರಲ್ಲಿ ಸರ್ಕಾರ ಪದ್ಮವಿಭೂಷಣ ಕೊಟ್ಟಿತು.

ಮಗಳು ಇನ್ನೊಂದನ್ನೂ ಹುಡುಕಿ ಓದಿ ಹೇಳಿದಳು. ಅಕ್ಕ ಬಿಟ್ಟುಬಿಟ್ಟ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೇ ಒಂದು ಗಿಡವಂತೆ! ಯುರೋಪಿನಲ್ಲಿ ಬೆಳೆಯುವ ಗಲೇಗ ಎಂಬ ಗಿಡ. ಅದರಲ್ಲಿ ಸಕ್ಕರೆ ಇಳಿಸುವ ಗುಣವೂ ಇತ್ತು, ವಿಷವೂ ಇತ್ತು. ಅದನ್ನು ಹೋಲುವ, ಆದರೆ ಅಷ್ಟು ಅಪಾಯವಿಲ್ಲದ ವಸ್ತುವನ್ನು ತಯಾರಿಸಿ, ಪರೀಕ್ಷಿಸಿ, 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಎಂಬ ವೈದ್ಯರು ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ನಾನು ಗಿಡಮೂಲಿಕೆ ಬೇರೆ, ಇಂಗ್ಲಿಷ್ ಔಷಧ ಬೇರೆ ಎಂದು ಎರಡು ಪಂಕ್ತಿ ಹಾಕಿ ಕೂತಿದ್ದೆ. ವ್ಯತ್ಯಾಸ ಇರುವುದು ಪರೀಕ್ಷೆ ಮಾಡಿದ್ದಕ್ಕೂ ಮಾಡದಿದ್ದಕ್ಕೂ.

ಮೆಸೇಜಿನ ಮೇಲಿನ ದೊಡ್ಡ ಹೆಸರಿನ ವಿಷಯವೂ ಅಷ್ಟೇ. ಬಿಸಿ ಎಳನೀರು ಕುಡಿದರೆ ಕ್ಯಾನ್ಸರ್ ಸಾಯುತ್ತದೆ ಎಂದು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರ ಹೆಸರಿನಲ್ಲಿ ಒಂದು ಹರಿದಾಡಿತ್ತಲ್ಲ, ನಿಮಗೂ ಬಂದಿರಬೇಕು. ಅದು ನಮ್ಮದಲ್ಲ, ಸುಳ್ಳು ಎಂದು 2019ರಲ್ಲಿ ಆ ಆಸ್ಪತ್ರೆಯವರೇ ಪ್ರಕಟಣೆ ಕೊಟ್ಟರು. ಪ್ರಕಟಣೆ ನನ್ನ ಫೋನಿಗೆ ಬರಲಿಲ್ಲ, ಎಳನೀರು ಮಾತ್ರ ಮೂರು ಸಲ ಬಂತು. 2021ರ ಕೊರೋನಾದಲ್ಲಿ ಮೂಗಿಗೆ ನಿಂಬೆರಸ ಬಿಟ್ಟುಕೊಳ್ಳಿ ಎಂದದ್ದನ್ನು ನಂಬಿ ನಮ್ಮ ಯಜಮಾನರು ಬಿಟ್ಟುಕೊಂಡು ಅಂಗಳದಲ್ಲಿ ಕುಣಿದದ್ದು ನೆನೆದರೆ ಈಗ ನಗು ಬರುತ್ತದೆ. ಅವತ್ತು ಬಂದಿರಲಿಲ್ಲ.

ಹಿಂದೆ ಮಾತ್ರ ಇಂಥದ್ದು ಇರಲಿಲ್ಲವೇ? ಇತ್ತು. ದೇವರ ಹೆಸರಿನ ಕಾರ್ಡು ಬರುತ್ತಿತ್ತು, ಇಷ್ಟು ಜನಕ್ಕೆ ಬರೆಯದಿದ್ದರೆ ಕೇಡು ಎಂದು. ನಮ್ಮಮ್ಮ ಹೆದರಿ ದುಡ್ಡು ಕೊಟ್ಟು ಕಾರ್ಡು ತರಿಸಿ, ಕೈ ನೋಯುವಷ್ಟು ಬರೆಯುತ್ತಿದ್ದಳು. ಆ ಕಷ್ಟಕ್ಕಾದರೂ ನಾಲ್ಕು ಜನ ಸುಮ್ಮನಾಗುತ್ತಿದ್ದರು. ಈಗ ಹೆಬ್ಬೆರಳು ಒತ್ತಿದರೆ ಮುಗಿಯಿತು.

ಮಗಳು ತೋರಿಸಿಕೊಟ್ಟ ಒಂದು ಗುರುತನ್ನು ನಿಮಗೂ ಹೇಳುತ್ತೇನೆ. ವಾಟ್ಸಾಪ್ ಮೆಸೇಜಿನ ಮೇಲೆ ಎರಡು ಬಾಣ ಜೋಡಿಯಾಗಿ ಇದ್ದರೆ ಅದು ಕೈಯಿಂದ ಕೈಗೆ ಐದು ಅಥವಾ ಅದಕ್ಕಿಂತ ಹೆಚ್ಚು ಸಲ ದಾಟಿ ಬಂದದ್ದು ಎಂದು ಅರ್ಥ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಬಹುದು. ನನ್ನ ಬೆಂಡೆಕಾಯಿಯ ಮೇಲೂ ಎರಡು ಬಾಣ ಇತ್ತು. ಅಲಂಕಾರಕ್ಕೆ ಎಂದುಕೊಂಡಿದ್ದೆ.

ಗ್ರೂಪಿನಲ್ಲಿ ಹಿಂದಕ್ಕೆ ಹೋಗಿ ನಾನು ಕಳಿಸಿದ್ದನ್ನೆಲ್ಲ ನೋಡಿದೆ. ಅದರಲ್ಲಿ ಒಂದು ನೋಡಿ ಮೈ ಜುಮ್ಮೆಂದಿತು. ಲಕ್ವ ಹೊಡೆದರೆ ಸೂಜಿಯಿಂದ ಹತ್ತು ಬೆರಳು ಚುಚ್ಚಿ ರಕ್ತ ತೆಗೆಯಿರಿ, ಅಲ್ಲಿವರೆಗೆ ರೋಗಿಯನ್ನು ಅಲುಗಿಸಬೇಡಿ ಎಂದು. ಇದು ಬೆಂಡೆಕಾಯಿಗಿಂತ ಅಪಾಯ. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಇದೆ, ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮುಖ ಒಂದು ಕಡೆ ಜೋತರೆ, ಒಂದು ಕೈ ಮೇಲೆತ್ತಲು ಆಗದಿದ್ದರೆ, ಮಾತು ತೊದಲಿದರೆ, ಸೂಜಿ ಹುಡುಕಬೇಡಿ, 108ಕ್ಕೆ ಫೋನು ಮಾಡಿ. ಚುಚ್ಚುತ್ತಾ ಕೂತ ಒಂದೊಂದು ನಿಮಿಷವೂ ನಷ್ಟವೇ.

ಸಕ್ಕರೆ ಕಾಯಿಲೆ, ಕ್ಯಾನ್ಸರು ಮುಂತಾದವನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನೇ ನಿಷೇಧಿಸುವ ಕಾನೂನು 1954ರಿಂದ ಇದೆಯಂತೆ. ಆದರೆ ಓರಗಿತ್ತಿಗೆ ಮೆಸೇಜು ಕಳಿಸುವ ಓರಗಿತ್ತಿಯನ್ನು ಯಾವ ಕಾನೂನು ಹಿಡಿಯುತ್ತದೆ? ಅಕ್ಕ ಆ ವೈದ್ಯರ ಹೆಸರು ನೋಡಿ ನಂಬಲಿಲ್ಲ. ನಾನು ಕಳಿಸಿದೆ ಎಂದು ನಂಬಿದರು.

ಅದಕ್ಕೇ ಒಂದು ದಿನ ಧೈರ್ಯ ಮಾಡಿ ಭಜನೆಯ ಗ್ರೂಪಿಗೂ ನೆಂಟರ ಗ್ರೂಪಿಗೂ ನಡೆದದ್ದನ್ನೆಲ್ಲ ಬರೆದು ಹಾಕಿದೆ. "ಇದನ್ನು ನಾನೇ ಕಳಿಸಿದ್ದೆ, ಇದು ಸುಳ್ಳು, ಇದರಿಂದ ನಮ್ಮಕ್ಕ ಬೆರಳು ಕಳೆದುಕೊಂಡರು. ಯಾರೂ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ." ಅಕ್ಕನನ್ನು ಮೊದಲೇ ಕೇಳಿದ್ದೆ, "ಹಾಕು" ಅಂದಿದ್ದರು. ಅರ್ಧ ದಿನ ಯಾರೂ ಮಾತಾಡಲಿಲ್ಲ. ನಮ್ಮ ಚಿಕ್ಕಮಾವನವರು "ಹಾಗಾದರೆ ನಮ್ಮ ಹಿರಿಯರು ದಡ್ಡರೇನಮ್ಮ?" ಎಂದು ಬರೆದರು. ಮೆಂತ್ಯ, ಜೀರಿಗೆ ಕಷಾಯ ಕಲಿಸಿದ ಹಿರಿಯರು ಯಾರೂ 15 ದಿನದ ಗಡುವು ಹಾಕಿರಲಿಲ್ಲ ಮಾವ ಎಂದು ಉತ್ತರ ಕೊಟ್ಟೆ. ಅವರು ಗ್ರೂಪು ಬಿಟ್ಟು ಹೋದರು, ಗೌರಿಹಬ್ಬಕ್ಕೆ ಮತ್ತೆ ಬಂದರು. ಆದರೆ ರಾತ್ರಿ ಭಜನೆಯ ಇಬ್ಬರು ಒಬ್ಬೊಬ್ಬರಾಗಿ ಫೋನು ಮಾಡಿದರು. ಒಬ್ಬರ ಯಜಮಾನರು ಬಿ.ಪಿ. ಮಾತ್ರೆ ಬಿಟ್ಟು ಬೆಳ್ಳುಳ್ಳಿ ನುಂಗುತ್ತಿದ್ದರು. ಇನ್ನೊಬ್ಬರು ತಾವೇ ಥೈರಾಯ್ಡ್ ಮಾತ್ರೆ ನಿಲ್ಲಿಸಿ ಕೊತ್ತಂಬರಿ ನೀರಿಗೆ ಇಳಿದಿದ್ದರು. ಇಬ್ಬರೂ ಮರುದಿನ ಡಾಕ್ಟರ ಹತ್ತಿರ ಹೋಗಿ ಬಂದರು.

ಅಕ್ಕ ಈಗ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಮೆತ್ತನೆಯ ಅಟ್ಟೆಯ ಚಪ್ಪಲಿ ಮನೆಯೊಳಗೂ ಹಾಕುತ್ತಾರೆ. ರಾತ್ರಿ ಮಲಗುವ ಮುಂಚೆ ಕನ್ನಡಿ ಇಟ್ಟುಕೊಂಡು ಅಂಗಾಲು ನೋಡಿಕೊಳ್ಳುವುದು ರೂಢಿಯಾಗಿದೆ. ಮೊನ್ನೆ ನನಗೊಂದು ಮೆಸೇಜು ಕಳಿಸಿದರು. ಅಮೃತಬಳ್ಳಿ ರಸ, 21 ದಿನ, ಎರಡು ಬಾಣ. ಕೆಳಗೆ ಅವರ ಕೈಬರಹದ ಹಾಗೇ ತಪ್ಪು ತಪ್ಪಾಗಿ ಒಂದು ಸಾಲು: "ಇದು ಸುಳ್ಳು ತಾನೇ? ನಿನ್ನ ಮಗಳನ್ನ ಕೇಳಿ ಹೇಳೇ. ಇಲ್ಲಿ ಪಕ್ಕದ್ಮನೆಯವಳು ಕುಡೀತೀನಿ ಅಂತ ಕೂತವ್ಳೆ."