ಎಂಜಿನ್ನಿಗೆ ಸೂರಿದೆ, ಸೂರಿಗೆ ಯಾರಿದ್ದಾರೆ?

ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಕ್ಕಳು ಉಗಿ ಎಂಜಿನ್ ಹತ್ತಿ ‘ಕೂ’ ಅನ್ನುತ್ತವೆ. ಅಪ್ಪಂದಿರು ಫೋಟೊ ಹಿಡಿಯುತ್ತಾರೆ. 1979ರಲ್ಲಿ ಶುರುವಾದ ಈ ಆವರಣದಲ್ಲಿ 1899ರ ಮಹಾರಾಣಿ ಸಲೂನ್ ಬೋಗಿಗೂ ಕಾಯಂ ನಿಲುಗಡೆ. ಗುಜರಿಗೆ ಹೋಗಬೇಕಿದ್ದ ಕಬ್ಬಿಣಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಸಂತೋಷವೇ. ನನಗೆ ಮಾತ್ರ ಈ ಎಂಜಿನ್ನುಗಳು ರಾತ್ರಿ ತಂಗುತ್ತಿದ್ದ ಲೋಕೋ ಶೆಡ್ಡುಗಳ ಚಿಂತೆ.

ಉಗಿ ಎಂಜಿನ್ ಗುಂಡಿ ಒತ್ತಿದೊಡನೆ ಹೊರಡುವ ಯಂತ್ರವಲ್ಲ. ಗಾಡಿ ಹೊರಡುವ ಎಷ್ಟೋ ಗಂಟೆ ಮೊದಲೇ ಒಲೆ ಹಚ್ಚಿ, ಬಾಯ್ಲರ್ ಕಾಯಿಸಬೇಕು. ಹಾಗಾಗಿ ಆ ಕಟ್ಟಡಗಳ ಲಕ್ಷಣವೇ ಬೇರೆ: ಹೊಗೆ ಹೋಗಲು ಚಾವಣಿಯಲ್ಲಿ ಕಿಂಡಿ, ಹಳಿಗಳ ನಡುವೆ ಆಳು ಇಳಿದು ನಿಲ್ಲುವಷ್ಟು ಆಳದ ಬೂದಿಗುಂಡಿ, ಪಕ್ಕದಲ್ಲಿ ಕಲ್ಲಿದ್ದಲಿನ ರಾಶಿ, ಆನೆಯ ಸೊಂಡಿಲಿನಂತೆ ಬಾಗಿದ ನೀರಿನ ಕಂಬ. ಅಪರಾತ್ರಿಯ ಡ್ಯೂಟಿಗೆ ಡ್ರೈವರು, ಫೈರ್‌ಮನ್ನರ ಮನೆ ಬಾಗಿಲು ತಟ್ಟಿ ಎಬ್ಬಿಸಲೆಂದೇ ‘ಕಾಲ್‌ಬಾಯ್’ ಒಬ್ಬನಿರುತ್ತಿದ್ದ.

ಬೆಂಗಳೂರು–ಮೈಸೂರು ಹಳಿಯ ಕೆಲಸ ಶುರುವಾದದ್ದೇ 1876–78ರ ಭೀಕರ ಬರದಲ್ಲಿ, ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ. 1882ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಗಾಡಿ ಮೈಸೂರು ಮುಟ್ಟಿತು. 1891ರಲ್ಲಿ ನಂಜನಗೂಡಿಗೂ ಹೋಯಿತು. ಮುಂದೆ ಡೀಸೆಲ್ ಎಂಜಿನ್ ಬಂತು. ಅದಕ್ಕೆ ಬೂದಿಯಿಲ್ಲ, ಹಾದಿಯುದ್ದಕ್ಕೂ ನೀರು ಕುಡಿಸುವ ಉಪಚಾರವಿಲ್ಲ. ಕಲ್ಲಿದ್ದಲಿಗೆಂದು ಕಟ್ಟಿದ ಗೋಡೆಗಳಿಗೆ ಕೆಲಸವೇ ಇಲ್ಲದಂತಾಯಿತು.

ಎಂಜಿನ್ನನ್ನಾದರೆ ಕ್ರೇನಿನಲ್ಲಿ ಎತ್ತಿ ತಂದು, ಬಣ್ಣ ಬಳಿದು, ಟಿಕೆಟ್ ಇಟ್ಟು ತೋರಿಸಬಹುದು. ಕಟ್ಟಡವನ್ನು ನಿಂತಲ್ಲೇ ಉಳಿಸಬೇಕು. ನಿಂತ ಜಾಗಕ್ಕೋ ಊರ ನಡುವೆ ಚಿನ್ನದ ಬೆಲೆ! ಹಾಗಾಗಿ ಮೊದಲು ಹೆಂಚು ಹೋಗುತ್ತದೆ, ಆಮೇಲೆ ತೊಲೆ, ಕೊನೆಗೆ ಗೋಡೆಯ ಮೇಲೊಂದು ಅರಳಿ ಸಸಿ. 1915ರ ಯಲಹಂಕ–ಚಿಕ್ಕಬಳ್ಳಾಪುರ ಹಳಿಯ ದೊಡ್ಡಜಾಲ ನಿಲ್ದಾಣವೂ ಹೀಗೆಯೇ ವರ್ಷಗಟ್ಟಲೆ ಸೂರಿಲ್ಲದೆ, ಬರೀ ಕಲ್ಲುಗೋಡೆಯಾಗಿ ನಿಂತಿತ್ತು. ದುಡಿದವರ ಕಟ್ಟಡಕ್ಕೆ ಅರಮನೆಯ ಅಂದವಿಲ್ಲವೆಂದೇ ನಮಗೆ ಅದು ಪರಂಪರೆಯಾಗಿ ಕಾಣುವುದಿಲ್ಲ.

ಎಲ್ಲವನ್ನೂ ಉಳಿಸಿ ಎನ್ನುತ್ತಿಲ್ಲ. ಕೆಡವುವ ಮುನ್ನ ಒಂದು ಅಳತೆಯ ನಕ್ಷೆ, ನಾಲ್ಕು ಫೋಟೊ, ಅಲ್ಲಿ ಸಲಿಕೆ ಹಿಡಿದ ಹಿರಿಯರೊಡನೆ ಒಂದು ಗಂಟೆ ಮಾತು: ಇಷ್ಟನ್ನಾದರೂ ರೈಲ್ವೆಯವರು ಮಾಡಿಸಲಿ. ನಿಮ್ಮ ಮನೆಯಲ್ಲೇ ಅಂಥ ಹಿರಿಯರಿದ್ದರೆ ಇಲಾಖೆಯನ್ನು ಕಾಯಬೇಡಿ, ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.