ಕುಸನೂರಿನ ಜನ ನೀಲಗಿರಿ ಕಿತ್ತ ದಿನ

1987ರ ನವೆಂಬರ್ 14. ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸುತ್ತಲಿನ ಹಳ್ಳಿಗಳ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಸತ್ಯಾಗ್ರಹದ ಹೆಸರೇ 'ಕಿತ್ತಿಕೋ-ಹಚ್ಚಿಕೋ'.

ಹಿನ್ನೆಲೆ ಸರಳ. 1984ರಲ್ಲಿ ಸರ್ಕಾರಿ ನಿಗಮವೊಂದು ಮತ್ತು ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದ್ದವು. ಕಾರ್ಖಾನೆಗೆ ಮರ ಬೆಳೆಯಲು ಅದಕ್ಕೆ ಸುಮಾರು 30,000 ಹೆಕ್ಟೇರ್ ಭೂಮಿ ಕೊಡುವ ಯೋಜನೆ ಅದು. ಸರ್ಕಾರಿ ಕಡತದಲ್ಲಿ ಆ ಭೂಮಿ ಬರೀ 'ಸಿ' ಮತ್ತು 'ಡಿ' ದರ್ಜೆಯ, ಅಂದರೆ ಸಾಗುವಳಿಗೆ ಬಾರದ ಜಮೀನು. ಊರವರಿಗೆ ಮಾತ್ರ ದನ ಮೇಯಿಸುವ, ಒಲೆಗೆ ಕಟ್ಟಿಗೆ ತರುವ, ಹುಲ್ಲು ಕೊಯ್ಯುವ ನೆಲ. ಹೊಲವಿಲ್ಲದ ಮನೆಗೆ ಆಸರೆಯೇ ಅದು. ದನ ಮೂಸದ ನೀಲಗಿರಿ ಅಲ್ಲಿ ನಿಂತರೆ ಎಮ್ಮೆ ಕಟ್ಟಿಕೊಂಡ ಹೆಂಗಸು ಎಲ್ಲಿಗೆ ಹೋಗಬೇಕು?

ಸಮಾಜ ಪರಿವರ್ತನಾ ಸಮುದಾಯ ಎಂಬ ಸಂಘಟನೆ ಮತ್ತು ಅದರ ಮುಂದಾಳು ಎಸ್. ಆರ್. ಹಿರೇಮಠರು ಊರೂರು ತಿರುಗಿ ಜನರನ್ನು ಸಂಘಟಿಸಿದರು. ಸಾಹಿತಿ ಶಿವರಾಮ ಕಾರಂತರು ಈ ಯೋಜನೆಯ ವಿರುದ್ಧ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆದರೆ ಹೋರಾಟದ ಕಸುವು ಇದ್ದದ್ದು ಹಳ್ಳಿಗರಲ್ಲೇ. ಕಿತ್ತು ಸುಮ್ಮನಾಗದೆ ನೆಟ್ಟರಲ್ಲ, ಅದೇ ದೊಡ್ಡದು.

1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ನಿಮ್ಮೂರಲ್ಲೂ ಹೀಗೆ ದನ ಮೇಯುವ ನೆಲ, ಗೋಮಾಳ, ಇದ್ದೀತು. ಅದರ ಸರ್ವೆ ನಂಬರು ಯಾವುದು, ಈಗ ಅದು ಯಾರ ಹೆಸರಿನಲ್ಲಿದೆ? ಈ ವಾರವೇ ಪಹಣಿ ತೆಗೆಸಿ ನೋಡಿ.