ಆಪರೇಷನ್ನೇ ಬೇಕಾ ಸಾರ್?

ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸುತ್ತಾರೆ. ಭಾವ ಕುರ್ಚಿಯಲ್ಲಿ ಕೂರದೆ, ಎರಡೂ ಕೈ ಮೇಜಿಗೆ ಊರಿ ನಿಂತೇ ನೋಡುತ್ತಿದ್ದಾರೆ. ಶಿವಮೊಗ್ಗದಲ್ಲಿ ಆಟೊ ಓಡಿಸುವವರು; ಸೊಂಟನೋವು ಶುರುವಾಗಿ ವರ್ಷ ದಾಟಿದೆ. ಫಿಲ್ಮಿನಲ್ಲಿ ಬೆನ್ನೆಲುಬಿನ ಕೆಳಗಡೆ, ಎಲ್4-ಎಲ್5 ನಡುವೆ, ಬೆಳ್ಳಗಿರಬೇಕಾದ ಡಿಸ್ಕ್ ಕಪ್ಪಾಗಿ ಒಂಚೂರು ಹಿಂದಕ್ಕೆ ಉಬ್ಬಿದೆ. ಇದನ್ನೇ ನೋಡಿ ಇನ್ನೊಬ್ಬ ಸರ್ಜನ್ "ಸ್ಕ್ರೂ ಹಾಕಿ ಫಿಕ್ಸ್ ಮಾಡೋಣ" ಎಂದಿದ್ದರು. ಅಕ್ಕ ಬಳೆ ಅಡ ಇಡುವ ಲೆಕ್ಕದಲ್ಲಿದ್ದಾಳೆ.

"ಆಪರೇಷನ್ನೇ ಬೇಕಾ ಸಾರ್?"

"ಮೊದಲು ಮಲಗಿ ನೋಡೋಣ."

ಭಾವ ಮಗ್ಗುಲಾಗಿ ಒರಗಿ, ಹಲ್ಲು ಕಚ್ಚಿ, ಅಂಗಾತ ಆಗುತ್ತಾರೆ. ಡಾಕ್ಟರು ಹಿಮ್ಮಡಿ ಹಿಡಿದು, ಮಂಡಿ ಮಡಚಗೊಡದೆ, ಬಲಗಾಲನ್ನು ನಿಧಾನಕ್ಕೆ ಮೇಲೆತ್ತುತ್ತಾರೆ. ಅಕ್ಕ ಉಸಿರು ಬಿಗಿಹಿಡಿದಿದ್ದಾಳೆ.

"ಕಾಲಿಗೆ ಜುಮ್ ಅಂತ ಇಳೀತಾ?"

"ಇಲ್ಲ ಸಾರ್, ಸೊಂಟದಲ್ಲೇ ಹಿಡಿಯುತ್ತೆ."

ಕಾಲಿನ ಹೆಬ್ಬೆರಳು ಮೇಲೆತ್ತಿಸಿ ತಮ್ಮ ಬೆರಳಿನಿಂದ ಕೆಳಕ್ಕೆ ಒತ್ತುತ್ತಾರೆ. ಅದು ಜಗ್ಗುವುದಿಲ್ಲ. ಸುತ್ತಿಗೆ ತಟ್ಟಿದಲ್ಲಿ ಮಂಡಿ ಚಿಮ್ಮುತ್ತದೆ. ಹತ್ತಿ ಸವರಿದ್ದು ಪಾದದ ಎರಡೂ ಅಂಚಿಗೆ ತಿಳಿಯುತ್ತದೆ. ನರಕ್ಕೆ ಪೆಟ್ಟಾಗಿಲ್ಲ. ನಾನು ಅಷ್ಟು ಹೊತ್ತೂ ಫಿಲ್ಮನ್ನೇ ನೋಡುತ್ತಿದ್ದೆ. ಡಾಕ್ಟರು ಒಮ್ಮೆಯೂ ಅದರ ಕಡೆ ತಿರುಗಲಿಲ್ಲ.

"ಮತ್ತೆ ಆ ಉಬ್ಬು?" ಅಕ್ಕನಿಗೆ ಸಮಾಧಾನವಿಲ್ಲ.

ನೋವೇ ಇಲ್ಲದವರಲ್ಲೂ ಅದು ಇರುತ್ತದಮ್ಮಾ ಎನ್ನುತ್ತಾರೆ. ಸೊಂಟನೋವಿಲ್ಲದ 3,110 ಜನರ ಸ್ಕ್ಯಾನುಗಳ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ನಲವತ್ತು ವಯಸ್ಸಿನವರಲ್ಲಿ ಅರ್ಧದಷ್ಟು ಮಂದಿಗೆ ಇಂಥದೇ ಉಬ್ಬು ಸಿಕ್ಕಿತ್ತು. ಭಾವನ ವಯಸ್ಸೂ ಅಷ್ಟೇ. ಸ್ಟೆರಾಯ್ಡ್ ಇಂಜೆಕ್ಷನ್ ಯೋಚಿಸುವುದು ಕಾಲಿಗಿಳಿಯುವ ನರದ ನೋವಿಗೆ, ಭಾವನಿಗೆ ಅದಿಲ್ಲ. ನೋವಿನ ಮಾತ್ರೆ ತೀರಾ ಹಿಡಿದಾಗ ನಾಲ್ಕು ದಿನಕ್ಕೆ ಸರಿ, ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಕುತ್ತು.

ಅಕ್ಕ ಚೀಲ ಬಿಚ್ಚುತ್ತಾಳೆ. ಮೊದಲು ಎಣ್ಣೆ ಬಾಟಲಿ. ಆಯುರ್ವೇದದವರು ಉದ್ದಿನ ಹಿಟ್ಟು ಕಲಸಿ ಸೊಂಟದ ಮೇಲೆ ದುಂಡಗೆ ಕಟ್ಟೆ ಕಟ್ಟಿ, ಬೆಚ್ಚನೆಯ ಎಣ್ಣೆ ಹುಯ್ದು, ಆರಿದಂತೆಲ್ಲ ಹತ್ತಿಯಲ್ಲಿ ತೆಗೆದು ಮತ್ತೆ ಬಿಸಿಯದನ್ನು ತುಂಬಿದ್ದರು. ಕಟಿಬಸ್ತಿ ಆದ ರಾತ್ರಿ ಭಾವ ಸುಖವಾಗಿ ನಿದ್ದೆ ಮಾಡಿದ್ದರಂತೆ.

"ಹಿತ ಅನ್ನಿಸಿದ್ರೆ ಮಾಡಿಸ್ಕೊಳ್ಳಿ. ಆದ್ರೆ ಎದ್ದ ಮೇಲೆ ನಡೀಬೇಕು."

ಆಮೇಲೆ ಹೊರಬಂದದ್ದು ಸೊಂಟದ ಬೆಲ್ಟು, ಇನ್ನೂ ಡಬ್ಬದಲ್ಲೇ. ಡಾಕ್ಟರು ತಲೆಯಾಡಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ದೀರ್ಘಕಾಲದ ಸೊಂಟನೋವಿಗೆ ಬೆಲ್ಟೂ ಬೇಡ, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ನೂ ಬೇಡ ಎಂದಿದೆ. ವ್ಯಾಯಾಮ ಬೇಕು ಎಂದಿದೆ. ಅಕ್ಕನ ಮುಖ ನೋಡಬೇಕು. ಸ್ಕ್ರೂ ಹಾಕಿದರೆ ಏನೋ ಮಾಡಿದರು ಅನ್ನಿಸುತ್ತದೆ. ನಡೆಯಿರಿ ಎಂದರೆ ಅದಕ್ಕೆ ಬಿಲ್ಲೂ ಇಲ್ಲ, ಭರವಸೆಯೂ ಹುಟ್ಟುವುದಿಲ್ಲ.

ಪಕ್ಕದ ಕೋಣೆಯ ಚಾಪೆಯ ಮೇಲೆ ಫಿಸಿಯೋಥೆರಪಿ ಹುಡುಗಿ ಹೇಳಿಕೊಡುತ್ತಾಳೆ: "ಅಂಕಲ್, ಮಂಡಿ ಮಡಚಿ. ಹಾಂ, ಈಗ ಸೊಂಟ ಎತ್ತಿ, ಉಸಿರು ಕಟ್ಟಬೇಡಿ." ಭಾವನ ತೊಡೆ ಗಡಗಡ ನಡುಗುತ್ತದೆ, ಹಣೆಯಲ್ಲಿ ಬೆವರು. ಅವರು ಹೆದರಿದ್ದು ನೋವಿಗಲ್ಲ, ಒಳಗೆ ಏನಾದರೂ ಕಳಚಿಕೊಂಡೀತೆಂದು. ಐದನೇ ಸಲಕ್ಕೆ ಅವರೇ ಎಣಿಸತೊಡಗುತ್ತಾರೆ.

ಹೊರಡುವಾಗ ಡಾಕ್ಟರು ಬೆರಳೆತ್ತಿ ಹೇಳುತ್ತಾರೆ: ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಮಧ್ಯರಾತ್ರಿಯಾದರೂ ಬನ್ನಿ, ಆಗ ಆಪರೇಷನ್ ಮಾತಾಡೋಣ. ಅಲ್ಲಿಯವರೆಗೆ ಗಾಡಿ ಓಡಿಸಿ, ಅರ್ಧ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಿ. ಆರು ವಾರ ಬಿಟ್ಟು ಮತ್ತೆ ನೋಡೋಣ.

ಭಾವ ಚಪ್ಪಲಿ ಮೆಟ್ಟುತ್ತಾ ಅಕ್ಕನ ಕಡೆ ಬಗ್ಗುತ್ತಾರೆ. "ಬೆಲ್ಟಿನ ಬಿಲ್ ಇದೆ ತಾನೆ? ವಾಪಸ್ ತಗೋತಾರೇನೋ ಕೇಳು."